ಎಸ್‌ಡಿಕೆ, ಎನ್‌ಡಿಕೆ ಅಪ್‌ಡೇಟ್ ಆದ ಮೇಲೆ ಲೈಬ್ರರಿ ಫೈಲ್ ಸಿಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಡಿಕೆ ಎಂದರೆ ಆ್ಯಪ್ ಕಟ್ಟಲು ಬೇಕಾದ ಉಪಕರಣಗಳ ಕಿಟ್, ಎನ್‌ಡಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್‌ನ ಸಿ, ಸಿ++ ಭಾಗವನ್ನು (ನೇಟಿವ್ ಕೋಡ್) ಕಟ್ಟುವ ಕಿಟ್. ಇಲ್ಲಿ ಹೆಚ್ಚು ಜಾಗ ಆಂಡ್ರಾಯ್ಡ್‌ಗೆ ಮೀಸಲು. ಐಒಎಸ್ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ. ಫೈಲ್, ಫೋಲ್ಡರ್, ಕಮಾಂಡ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಮೂಲ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.

ನಿನ್ನೆಯವರೆಗೂ ಬಿಲ್ಡ್ ಆಗುತ್ತಿತ್ತು. ಅಪ್‌ಡೇಟ್ ಮಾಡಿದ ಮೇಲೆ ಫೈಲ್ ಇಲ್ಲ ಅನ್ನುತ್ತಿದೆ. ಅದು ಹೋಯಿತೆಲ್ಲಿಗೆ?

ಬಹಳ ಸಲ ಫೈಲ್ ಕಳೆದಿರುವುದಿಲ್ಲ. ಅದನ್ನು ಕೇಳುತ್ತಿರುವ ಪ್ಲಗಿನ್, ಸ್ಕ್ರಿಪ್ಟ್ ಅಥವಾ ಲೈಬ್ರರಿ ಹಳೆಯ ಜಾಗದಲ್ಲೇ ಹುಡುಕುತ್ತಿರುತ್ತದೆ. ಕಾರಣ ನಾಲ್ಕರಲ್ಲಿ ಒಂದಾಗಿರುತ್ತದೆ: ಕಿಟ್ ತಯಾರಕರು ಆ ಫೈಲನ್ನು ಬೇಕೆಂದೇ ಕೈಬಿಟ್ಟಿದ್ದಾರೆ, ಬೇರೆ ಫೋಲ್ಡರ್‌ಗೆ ಸ್ಥಳಾಂತರಿಸಿದ್ದಾರೆ, ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ, ಇಲ್ಲವೇ ಇನ್ನೊಂದು ಲೈಬ್ರರಿಯ ಬೆನ್ನಿಗೆ ಬರುತ್ತಿದ್ದ ಫೈಲು ಈಗ ಬರುತ್ತಿಲ್ಲ. ಪರಿಹಾರ ನಾಲ್ಕಕ್ಕೂ ಬೇರೆ ಬೇರೆ. ಆದ್ದರಿಂದ ಫೈಲ್ ಎಲ್ಲಿದೆ ಎಂದು ಹುಡುಕುವ ಮೊದಲು ಅದನ್ನು ಕೇಳುತ್ತಿರುವುದು ಯಾವುದು ಎಂದು ಹುಡುಕಿ. ಈ ಪುಟದ ಬಹುಪಾಲು ಉತ್ತರಗಳು ಅಲ್ಲಿಂದಲೇ ಹೊರಡುತ್ತವೆ.

ಎರರ್ ನೂರಾರು ಸಾಲು ಇದೆ. ಎಲ್ಲಿಂದ ಓದಬೇಕು?

ಮೇಲಿನಿಂದ ಮೊದಲ ಎರರ್ ಹುಡುಕಿ. ಕೊನೆಯಲ್ಲಿ ಕಾಣುವ "ಬಿಲ್ಡ್ ವಿಫಲವಾಯಿತು" ಎನ್ನುವ ಸಾಲಿನಿಂದ ಏನೂ ತಿಳಿಯುವುದಿಲ್ಲ. ಆಂಡ್ರಾಯ್ಡ್ ಸ್ಟುಡಿಯೋದ ಬಿಲ್ಡ್ ಕಿಟಕಿ ಸಂದೇಶಗಳನ್ನು ಗುಂಪು ಮಾಡಿ ಮಡಚಿಡುತ್ತದೆ. ಪೂರ್ತಿ ಪಠ್ಯ ಬೇಕಿದ್ದರೆ ಟರ್ಮಿನಲ್‌ನಲ್ಲಿ, ಆಂಡ್ರಾಯ್ಡ್ ಆ್ಯಪ್ ಕಟ್ಟುವ ಬಿಲ್ಡ್ ಉಪಕರಣವಾದ ಗ್ರೇಡಲ್‌ನ ರ‍್ಯಾಪರ್‌ನಿಂದ ಅಸೆಂಬಲ್‌ಡೀಬಗ್ ಟಾಸ್ಕನ್ನು ಸ್ಟ್ಯಾಕ್‌ಟ್ರೇಸ್ ಆಯ್ಕೆಯೊಂದಿಗೆ ಓಡಿಸಿ, ಔಟ್‌ಪುಟ್ಟನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ.

ಆಮೇಲೆ ಯಾವ ಹಂತದಲ್ಲಿ ಬಿದ್ದಿದೆ ಎಂದು ಗುರುತಿಸಿ. ಪ್ರಾಜೆಕ್ಟ್ ಸಿಂಕ್ ಆಗುವಾಗಲೇ ಬಿದ್ದರೆ ಕಿಟ್‌ನ ಇನ್‌ಸ್ಟಾಲೇಶನ್, ಆವೃತ್ತಿ ಅಥವಾ ರೆಪೊಸಿಟರಿ (ಲೈಬ್ರರಿಗಳನ್ನು ಇಳಿಸಿಕೊಳ್ಳುವ ಜಾಗ) ತೊಂದರೆ. ಕಂಪೈಲ್ ಆಗುವಾಗ ಹೆಡರ್ ಅಥವಾ ಕ್ಲಾಸ್ ಸಿಗದಿದ್ದರೆ ಎಪಿಐ (ಕೋಡ್ ಕರೆಯುವ ಸಿದ್ಧ ಸೌಲಭ್ಯ) ತೆಗೆದುಹಾಕಲಾಗಿದೆ, ಇಲ್ಲವೇ ಡಿಪೆಂಡೆನ್ಸಿ (ಪ್ರಾಜೆಕ್ಟ್ ನಂಬಿರುವ ಹೊರಗಿನ ಲೈಬ್ರರಿ) ತಪ್ಪಿದೆ. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ದೂರಿದರೆ ನೇಟಿವ್ ಲೈಬ್ರರಿಯ ಹೆಸರೋ ದಾರಿಯೋ ಬದಲಾಗಿದೆ. ಬಿಲ್ಡ್ ಸರಾಗವಾಗಿ ಮುಗಿದು ಫೋನಿನಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡರೆ ಪ್ಯಾಕೇಜಿಂಗ್ ಕಡೆ ನೋಡಿ.

ಕ್ಲೀನ್ ಮಾಡಿ, ಕ್ಯಾಶ್ ಅಳಿಸಿದರೆ ಸರಿಹೋಗುತ್ತದೆ ಅನ್ನುತ್ತಾರಲ್ಲ?

ಒಂದು ಸಂದರ್ಭದಲ್ಲಿ ಖಂಡಿತ ಸರಿಹೋಗುತ್ತದೆ: ಸಿಮೇಕ್ (ಸಿ, ಸಿ++ ಕೋಡ್‌ನ ಬಿಲ್ಡ್ ಉಪಕರಣ) ಹಳೆಯ ಎನ್‌ಡಿಕೆಯ ಪೂರ್ತಿ ದಾರಿಯನ್ನು ತನ್ನ ಕ್ಯಾಶ್‌ನಲ್ಲಿ ಬರೆದಿಟ್ಟುಕೊಂಡಿರುವಾಗ. ಎನ್‌ಡಿಕೆ ಆವೃತ್ತಿ ಬದಲಿಸಿದ ಮೇಲೆ ಮಾಡ್ಯೂಲ್ ಒಳಗಿನ ಡಾಟ್ ಸಿಎಕ್ಸ್‌ಎಕ್ಸ್ ಫೋಲ್ಡರ್ ಮತ್ತು ಬಿಲ್ಡ್ ಫೋಲ್ಡರ್ ಎರಡನ್ನೂ ಅಳಿಸಿ ಮತ್ತೆ ಸಿಂಕ್ ಮಾಡಿ. ಹಳೆಯ ಪ್ಲಗಿನ್ ಬಳಸುವ ಪ್ರಾಜೆಕ್ಟ್‌ನಲ್ಲಿ ಮೊದಲನೆಯದರ ಬದಲು ಡಾಟ್ ಎಕ್ಸ್‌ಟರ್ನಲ್‌ನೇಟಿವ್‌ಬಿಲ್ಡ್ ಎಂಬ ಫೋಲ್ಡರ್ ಇರುತ್ತದೆ.

ಹೋಮ್ ಫೋಲ್ಡರ್‌ನಲ್ಲಿರುವ ಇಡೀ ಡಾಟ್ ಗ್ರೇಡಲ್ ಫೋಲ್ಡರನ್ನು ಅಳಿಸುವುದು ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎಲ್ಲ ಪ್ರಾಜೆಕ್ಟ್‌ಗಳ ಡಿಪೆಂಡೆನ್ಸಿಯೂ ಮತ್ತೆ ಡೌನ್‌ಲೋಡ್ ಆಗಬೇಕಾಗುತ್ತದೆ. ಅಷ್ಟೇ ಅಲ್ಲ, ಈಗ ಯಾವ ರೆಪೊಸಿಟರಿಯಲ್ಲೂ ಉಳಿದಿಲ್ಲದ ಹಳೆಯ ಲೈಬ್ರರಿಯೊಂದು ಆ ಕ್ಯಾಶ್‌ನಲ್ಲಿ ಮಾತ್ರ ಇದ್ದಿದ್ದರೆ ಅದೂ ಕೈತಪ್ಪುತ್ತದೆ. ಒಂದು ಡಿಪೆಂಡೆನ್ಸಿಯ ಮೇಲಷ್ಟೇ ಅನುಮಾನವಿದ್ದರೆ ಗ್ರೇಡಲ್‌ಗೆ ರಿಫ್ರೆಶ್ ಡಿಪೆಂಡೆನ್ಸೀಸ್ ಆಯ್ಕೆ ಕೊಟ್ಟರೆ ಸಾಕು.

ಎನ್‌ಡಿಕೆ ಫೋಲ್ಡರ್‌ನಲ್ಲಿ ಸೋರ್ಸ್ ಡಾಟ್ ಪ್ರಾಪರ್ಟೀಸ್ ಫೈಲ್ ಇಲ್ಲ ಎಂದು ಬರುತ್ತಿದೆ. ಆ ಫೈಲನ್ನು ನಾವೇ ಬರೆದಿಡಬಹುದೇ?

ಬೇಡ. ಎನ್‌ಡಿಕೆ ಪೂರ್ತಿ ಇಳಿದಿಲ್ಲ ಎನ್ನುವುದಕ್ಕೆ ಅದೇ ಗುರುತು. ಈ ಎರರ್‌ಗೆ ಸಿಎಕ್ಸ್‌ಎಕ್ಸ್1101 ಎಂಬ ಸಂಖ್ಯೆ ಇರುತ್ತದೆ. ಡೌನ್‌ಲೋಡ್ ನಡುವೆ ನೆಟ್ ಹೋಗಿರಬಹುದು, ಡಿಸ್ಕ್ ತುಂಬಿರಬಹುದು, ಬಿಚ್ಚುವ ಹೊತ್ತಿಗೆ ಸ್ಟುಡಿಯೋ ಮುಚ್ಚಿರಬಹುದು. ಹೆಸರಿಗೆ ಫೋಲ್ಡರ್ ಇದ್ದರೂ ಒಳಗೆ ಏನೂ ಇರುವುದಿಲ್ಲ. ಫೈಲನ್ನು ಕೈಯಾರೆ ಬರೆದಿಟ್ಟರೆ ಎರರ್ ಮುಂದಿನ ಹಂತಕ್ಕೆ ಹೋಗಿ ಇನ್ನಷ್ಟು ಗೊಂದಲ ಮಾಡುತ್ತದೆ.

ಎಸ್‌ಡಿಕೆ ಒಳಗೆ ಎನ್‌ಡಿಕೆ ಎಂಬ ಫೋಲ್ಡರ್, ಅದರೊಳಗೆ ಆವೃತ್ತಿ ಸಂಖ್ಯೆಯ ಉಪಫೋಲ್ಡರ್ ಇರುತ್ತದೆ. ಎರರ್‌ನಲ್ಲಿ ಹೆಸರಿಸಿದ ಆವೃತ್ತಿಯ ಉಪಫೋಲ್ಡರನ್ನು ಪೂರ್ತಿ ಅಳಿಸಿ. ಎಸ್‌ಡಿಕೆ ಮ್ಯಾನೇಜರ್‌ನ ಎಸ್‌ಡಿಕೆ ಟೂಲ್ಸ್ ಟ್ಯಾಬ್‌ನಲ್ಲಿ "ಪ್ಯಾಕೇಜ್ ವಿವರ ತೋರಿಸು" ಗುರುತು ಹಾಕಿದರೆ ಎಲ್ಲ ಆವೃತ್ತಿಗಳು ಕಾಣುತ್ತವೆ. ಅದೇ ಸಂಖ್ಯೆಯನ್ನು ಆರಿಸಿ ಮತ್ತೆ ಹಾಕಿ. ಅದಕ್ಕೆ ಮೊದಲು ಡಿಸ್ಕ್‌ನಲ್ಲಿ ಕೆಲವು ಗಿಗಾಬೈಟ್ ಖಾಲಿ ಇದೆಯೇ ನೋಡಿಕೊಳ್ಳಿ.

ಹೊಸ ಎನ್‌ಡಿಕೆ ಹಾಕಿದ್ದರೂ ಹಳೆಯ ಸಂಖ್ಯೆಯದ್ದೇ ಬೇಕು ಎಂದು ಗ್ರೇಡಲ್ ಹಟ ಹಿಡಿದಿದೆ. ಯಾಕೆ?

ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ನ ಪ್ರತಿ ಆವೃತ್ತಿಗೂ ತನ್ನದೇ ಒಂದು ಡೀಫಾಲ್ಟ್ ಎನ್‌ಡಿಕೆ ಇರುತ್ತದೆ. ಪ್ಲಗಿನ್ 7.0ಕ್ಕೆ ಅದು 21.4.7075529, 8.0ಕ್ಕೆ 25.1.8937393. ನೀವು ಏನನ್ನೂ ಬರೆಯದಿದ್ದರೆ ಪ್ಲಗಿನ್ ತನ್ನ ಡೀಫಾಲ್ಟನ್ನೇ ಕೇಳುತ್ತದೆ, ಪಕ್ಕದಲ್ಲಿ ಇನ್ನೂ ಹೊಸದಿದ್ದರೂ ಅದಕ್ಕೆ ಬೇಕಿಲ್ಲ. ಪ್ಲಗಿನ್ ಅಪ್‌ಡೇಟ್ ಮಾಡಿದ ದಿನವೇ ಈ ಎರರ್ ಕಾಣಿಸಿಕೊಳ್ಳುವುದು ಇದರಿಂದಲೇ.

ಮಾಡ್ಯೂಲ್‌ನ ಬಿಲ್ಡ್ ಡಾಟ್ ಗ್ರೇಡಲ್‌ನಲ್ಲಿ ಆಂಡ್ರಾಯ್ಡ್ ಬ್ಲಾಕ್ ಒಳಗೆ ಎನ್‌ಡಿಕೆವರ್ಷನ್ ಎಂದು ಬರೆದು ಪೂರ್ಣ ಸಂಖ್ಯೆ ಕೊಡಿ. ಬರೀ 25 ಎಂದು ಬರೆದರೆ ಸಾಲದು, ಮೂರು ಭಾಗಗಳೂ ಇರಬೇಕು. ನೇಟಿವ್ ಕೋಡ್ ಇರುವ ಎಲ್ಲ ಮಾಡ್ಯೂಲ್‌ಗಳಲ್ಲೂ ಇದೇ ಸಂಖ್ಯೆ ಇರಲಿ. ಲೋಕಲ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಎನ್‌ಡಿಕೆ ಡಾಟ್ ಡಿಐಆರ್ ಎಂಬ ಹಳೆಯ ಸಾಲು ಉಳಿದಿದ್ದರೆ ತೆಗೆದುಬಿಡಿ. ಅದು ಎನ್‌ಡಿಕೆ-ಬಂಡಲ್ ಎಂಬ ಒಂದೇ ಫೋಲ್ಡರ್ ಇದ್ದ ಕಾಲದ ಪದ್ಧತಿ. ಎರಡೂ ಇದ್ದು ಒಂದಕ್ಕೊಂದು ಹೊಂದದಿದ್ದರೆ ಬಿಲ್ಡ್ ನಿಲ್ಲುತ್ತದೆ.

ಬಿಲ್ಡ್ ಟೂಲ್ಸ್ 31.0.0 ಹಾಳಾಗಿದೆ, ಮತ್ತೆ ಹಾಕಿ ಅನ್ನುತ್ತಿದೆ. ಎಷ್ಟು ಸಲ ಹಾಕಿದರೂ ಅದೇ.

ಅದು ಹಾಳಾಗಿಲ್ಲ. ಬಿಲ್ಡ್ ಟೂಲ್ಸ್ 31ರಿಂದ ಜಾವಾ ಕೋಡನ್ನು ಆಂಡ್ರಾಯ್ಡ್ ಓಡಿಸುವ ರೂಪಕ್ಕೆ ತಿರುಗಿಸುವ ಡಿಎಕ್ಸ್ ಎಂಬ ಉಪಕರಣ ಮತ್ತು ಅದರ ಜಾರ್ ಫೈಲನ್ನು ಕೈಬಿಡಲಾಯಿತು. ಆ ಕೆಲಸವನ್ನು ಡಿ8 ಮಾಡುತ್ತದೆ. ಗ್ರೇಡಲ್ ಪ್ಲಗಿನ್ 7ಕ್ಕಿಂತ ಹಳೆಯದಾಗಿದ್ದರೆ ಡಿಎಕ್ಸ್ ಇದೆಯೇ ಎಂದು ನೋಡಿ, ಕಾಣದಿದ್ದಾಗ "ಹಾಳಾಗಿದೆ" ಎಂದು ತೀರ್ಮಾನಿಸುತ್ತದೆ. ಮತ್ತೆ ಮತ್ತೆ ಡೌನ್‌ಲೋಡ್ ಮಾಡಿ ಸಮಯ ಕಳೆಯಬೇಡಿ.

ಸರಿಯಾದ ದಾರಿ ಪ್ಲಗಿನ್ನನ್ನು 7.0 ಅಥವಾ ಅದಕ್ಕಿಂತ ಮೇಲಕ್ಕೆ ಒಯ್ಯುವುದು. ಅದರ ಜತೆಗೆ ಗ್ರೇಡಲ್ 7.0 ಮತ್ತು ಜೆಡಿಕೆ 11 ಬೇಕು, ಪ್ಲಗಿನ್ 8.0 ಆದರೆ ಗ್ರೇಡಲ್ 8.0 ಮತ್ತು ಜೆಡಿಕೆ 17. ಈಗಲೇ ಅಷ್ಟು ದೂರ ಹೋಗಲಾಗದಿದ್ದರೆ ಬಿಲ್ಡ್‌ಟೂಲ್ಸ್‌ವರ್ಷನ್ ಎಂದು ಬರೆದು 30.0.3 ಕೊಡಿ. ಡಿ8 ಫೈಲಿಗೆ ಡಿಎಕ್ಸ್ ಎಂದು ಹೆಸರು ಬದಲಿಸುವ ಉಪಾಯವೂ ಓಡಾಡುತ್ತಿದೆ. ಅದು ನಿಮ್ಮ ಯಂತ್ರದಲ್ಲಿ ನಡೆಯುತ್ತದೆ, ಬಿಲ್ಡ್ ಸರ್ವರ್‌ನಲ್ಲಿ ನಡೆಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ. ಅದನ್ನು ಪರಿಹಾರವೆಂದು ಒಪ್ಪಲಾಗದು.

ಕಮಾಂಡ್ ಲೈನ್‌ನಲ್ಲಿ ಎಸ್‌ಡಿಕೆಮ್ಯಾನೇಜರ್ ತೆರೆಯುವುದೇ ಇಲ್ಲ. ಜಾವಾಎಕ್ಸ್ ಎಕ್ಸ್‌ಎಂಎಲ್ ಬೈಂಡ್ ಕ್ಲಾಸ್ ಸಿಗಲಿಲ್ಲ ಅನ್ನುತ್ತದೆ.

ನೀವು ಟೂಲ್ಸ್ ಫೋಲ್ಡರ್‌ನ ಬಿನ್ ಒಳಗಿನ ಹಳೆಯ ಪ್ರತಿಯನ್ನು ಓಡಿಸುತ್ತಿದ್ದೀರಿ. ಅದು ಜಾವಾ 8ರ ಜತೆ ಬರುತ್ತಿದ್ದ ಜಾಕ್ಸ್‌ಬಿ ಲೈಬ್ರರಿಯನ್ನು ನಂಬಿಕೊಂಡಿತ್ತು. ಜಾವಾ 9ರಲ್ಲಿ ಅದನ್ನು ಮರೆಗೆ ಸರಿಸಿ, 11ರಲ್ಲಿ ಪೂರ್ತಿ ತೆಗೆದರು. ಹೊಸ ಕಮಾಂಡ್‌ಲೈನ್ ಟೂಲ್ಸ್ ಇಳಿಸಿಕೊಳ್ಳಿ. ಜಿಪ್ ಬಿಚ್ಚಿದಾಗ ಬರುವ ಫೋಲ್ಡರನ್ನು ಹಾಗೇ ಇಟ್ಟರೆ "ಎಸ್‌ಡಿಕೆ ಮೂಲ ಎಲ್ಲಿದೆಯೋ ತಿಳಿಯಲಿಲ್ಲ" ಎಂಬ ಇನ್ನೊಂದು ಎರರ್ ಬರುತ್ತದೆ. ಎಸ್‌ಡಿಕೆ ಒಳಗೆ ಸಿಎಂಡಿಲೈನ್-ಟೂಲ್ಸ್, ಅದರೊಳಗೆ ಲೇಟೆಸ್ಟ್, ಅದರೊಳಗೆ ಬಿನ್ ಮತ್ತು ಲಿಬ್ ಬರುವಂತೆ ಜೋಡಿಸಿ. ನಂತರ ಪಾತ್ ವೇರಿಯಬಲ್‌ನಿಂದ ಹಳೆಯ ಟೂಲ್ಸ್ ದಾರಿಯನ್ನು ತೆಗೆಯಿರಿ, ಇಲ್ಲದಿದ್ದರೆ ಹಳೆಯದೇ ಓಡುತ್ತಿರುತ್ತದೆ.

ಹೊಸ ಪ್ಯಾಕೇಜ್‌ನ ಲೈಸೆನ್ಸ್ ಒಪ್ಪದಿದ್ದರೂ ಬಿಲ್ಡ್ ನಿಲ್ಲುತ್ತದೆ. ಎಸ್‌ಡಿಕೆಮ್ಯಾನೇಜರ್‌ಗೆ ಲೈಸೆನ್ಸಸ್ ಆಯ್ಕೆ ಕೊಟ್ಟು ಪ್ರತಿಯೊಂದಕ್ಕೂ ವೈ ಒತ್ತಿ.

ಲಿಂಕರ್‌ಗೆ ಲಿಬ್‌ಜಿಸಿಸಿ ಸಿಗುತ್ತಿಲ್ಲ.

ಎನ್‌ಡಿಕೆ ಆರ್23ರಲ್ಲಿ, ಅಂದರೆ 23ರಿಂದ ಶುರುವಾಗುವ ಆವೃತ್ತಿಯಲ್ಲಿ, ಲಿಬ್‌ಜಿಸಿಸಿ ಹೋಯಿತು. ಅದರ ಕೆಲಸವನ್ನು ಎನ್‌ಡಿಕೆಯ ಕಂಪೈಲರ್ ಆದ ಕ್ಲ್ಯಾಂಗ್‌ನ ರನ್‌ಟೈಮ್ ಬಿಲ್ಟಿನ್ಸ್ ಮತ್ತು ಲಿಬ್‌ಅನ್‌ವೈಂಡ್ ಹಂಚಿಕೊಂಡಿವೆ. ನೀವು ಸಿಮೇಕ್ ಅಥವಾ ಎನ್‌ಡಿಕೆ-ಬಿಲ್ಡ್ ಮೂಲಕವೇ ಕಟ್ಟುತ್ತಿದ್ದರೆ ಸರಿಯಾದುದನ್ನು ಕ್ಲ್ಯಾಂಗ್ ತಾನೇ ಸೇರಿಸುತ್ತದೆ. ಈ ಎರರ್ ಬರುವುದು ಯಾರೋ ಆ ಹೆಸರನ್ನು ಕೈಯಾರೆ ಬರೆದಿಟ್ಟಾಗ: ನಿಮ್ಮ ಮೇಕ್‌ಫೈಲ್‌ನಲ್ಲಿ, ಮೂರನೆಯವರ ಲೈಬ್ರರಿಯ ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿ, ಇಲ್ಲವೇ ಬೇರೆ ಭಾಷೆಯ ಕಂಪೈಲರ್ ಒಳಗೆ.

ಮೊದಲು ಪ್ರಾಜೆಕ್ಟ್ ತುಂಬ ಆ ಹೆಸರನ್ನು ಹುಡುಕಿ ತೆಗೆಯಿರಿ. ರಸ್ಟ್ ಬಳಸುತ್ತಿದ್ದರೆ 1.68 ಅಥವಾ ನಂತರದ ಆವೃತ್ತಿಗೆ ಹೋಗಿ. ಅದು ಎನ್‌ಡಿಕೆ ಆರ್25ಕ್ಕೆ ಹೊಂದಿಕೊಂಡಿದೆ. ಹಳೆಯ ರಸ್ಟ್ ಬಿಡಲಾಗದಿದ್ದರೆ ತಾತ್ಕಾಲಿಕ ದಾರಿಯೊಂದಿದೆ: ಲಿಬ್‌ಜಿಸಿಸಿ ಡಾಟ್ ಎ ಹೆಸರಿನ ಪಠ್ಯ ಫೈಲ್ ಮಾಡಿ, ಲಿಬ್‌ಅನ್‌ವೈಂಡನ್ನು ಸೇರಿಸಿಕೊಳ್ಳಲು ಹೇಳುವ ಇನ್‌ಪುಟ್ ನಿರ್ದೇಶನವನ್ನು ಅದರಲ್ಲಿ ಒಂದೇ ಸಾಲಲ್ಲಿ ಬರೆದು, ಆ ಫೋಲ್ಡರನ್ನು ಲಿಂಕರ್‌ನ ಹುಡುಕು ದಾರಿಗೆ ಸೇರಿಸಬೇಕು. ಫೈಲನ್ನು ಎನ್‌ಡಿಕೆ ಒಳಗೆ ಇಡಬೇಡಿ, ನಿಮ್ಮ ಪ್ರಾಜೆಕ್ಟ್ ಒಳಗಿಡಿ.

ಎಆರ್, ಸ್ಟ್ರಿಪ್, ರ‍್ಯಾನ್‌ಲಿಬ್ ಯಾವುದೂ ಇಲ್ಲ. ಪ್ಲಾಟ್‌ಫಾರ್ಮ್ಸ್ ಫೋಲ್ಡರ್ ಕೂಡ ಇಲ್ಲ.

ಇದೂ ಅದೇ ಕಾಲದ ಬದಲಾವಣೆ. ಮೇಲ್ಮಟ್ಟದಲ್ಲಿದ್ದ ಪ್ಲಾಟ್‌ಫಾರ್ಮ್ಸ್ ಮತ್ತು ಸಿಸ್‌ರೂಟ್ ಫೋಲ್ಡರ್‌ಗಳು ಆರ್22ರಲ್ಲಿ ಹೋದವು. ಗ್ನೂ ಬಿನ್‌ಯುಟಿಲ್ಸ್ ಆರ್23ರಲ್ಲಿ ಹೋಯಿತು; ಉಳಿದಿದ್ದ ಗ್ನೂ ಅಸೆಂಬ್ಲರ್ ಆರ್24ರಲ್ಲಿ. ಈಗ ಎಲ್ಲವೂ ಟೂಲ್‌ಚೈನ್ಸ್, ಎಲ್‌ಎಲ್‌ವಿಎಂ, ಪ್ರೀಬಿಲ್ಟ್, ಅದರೊಳಗೆ ನಿಮ್ಮ ಆಪರೇಟಿಂಗ್ ಸಿಸ್ಟಂ ಹೆಸರಿನ ಫೋಲ್ಡರ್ ಕೆಳಗೆ ಬಿನ್‌ನಲ್ಲಿವೆ. ಪ್ರತಿ ಪ್ರೊಸೆಸರ್‌ಗೂ ಬೇರೆ ಸ್ಟ್ರಿಪ್ ಇಲ್ಲ. ಎಲ್‌ಎಲ್‌ವಿಎಂ-ಎಆರ್, ಎಲ್‌ಎಲ್‌ವಿಎಂ-ಸ್ಟ್ರಿಪ್, ಎಲ್‌ಎಲ್‌ವಿಎಂ-ರ‍್ಯಾನ್‌ಲಿಬ್ ಎಂಬ ಒಂದೊಂದು ಉಪಕರಣವೇ ಎಲ್ಲಕ್ಕೂ ಸಾಕು. ಕಂಪೈಲರ್ ಹೆಸರಿನಲ್ಲಿ ಮಾತ್ರ ಪ್ರೊಸೆಸರ್ ಮತ್ತು ಎಪಿಐ ಮಟ್ಟ (ಆಂಡ್ರಾಯ್ಡ್ ಆವೃತ್ತಿ ಸೂಚಿಸುವ ಸಂಖ್ಯೆ) ಎರಡೂ ಇರುತ್ತವೆ. ಆ ಮಟ್ಟ ಎನ್‌ಡಿಕೆ ಒಪ್ಪುವ ಕನಿಷ್ಠಕ್ಕಿಂತ ಕೆಳಗಿದ್ದರೆ ಆ ಹೆಸರಿನ ಕಂಪೈಲರ್ ಇರುವುದೇ ಇಲ್ಲ. ಕನಿಷ್ಠ ಎಪಿಐ ಆರ್24ರಲ್ಲಿ 19, ಆರ್26ರಲ್ಲಿ 21.

ಮಿಪ್ಸ್ ಟೂಲ್‌ಚೈನ್ ಸಿಗಲಿಲ್ಲ ಅನ್ನುತ್ತದೆ. ನಮ್ಮದು ಮಿಪ್ಸ್ ಆ್ಯಪೇ ಅಲ್ಲವಲ್ಲ!

ಆರ್17ರಲ್ಲಿ ಮಿಪ್ಸ್, ಮಿಪ್ಸ್64 ಮತ್ತು ಹಳೆಯ ಆರ್ಮ್‌ವಿ5 ಎಂಬ ಪ್ರೊಸೆಸರ್ ಬಗೆಗಳ ಬೆಂಬಲ ನಿಂತಿತು. ಪ್ಲಗಿನ್ 3.0 ಮತ್ತು ಅದಕ್ಕಿಂತ ಹಳೆಯವು ನಿಮಗೆ ಬೇಕೋ ಬೇಡವೋ ಆ ಫೋಲ್ಡರ್ ಇದೆಯೇ ಎಂದು ನೋಡುತ್ತಿದ್ದವು. 3.1 ಅಥವಾ ಮೇಲಕ್ಕೆ ಹೋದರೆ ಮುಗಿಯಿತು. ಗ್ನೂಎಸ್‌ಟಿಎಲ್ ಇಲ್ಲ ಎಂದರೆ ಅದು ಆರ್18: ಜಿಸಿಸಿ, ಗ್ನೂಎಸ್‌ಟಿಎಲ್, ಎಸ್‌ಟಿಎಲ್‌ಪೋರ್ಟ್ ಮೂರೂ ಹೋಗಿ ಸಿ++ಗೆ ಲಿಬ್‌ಸಿ++ ಒಂದೇ ಉಳಿಯಿತು. ಗ್ನೂಎಸ್‌ಟಿಎಲ್ ಜತೆ ಕಟ್ಟಿದ ಸಿದ್ಧ ಸಿ++ ಲೈಬ್ರರಿ ನಿಮ್ಮಲ್ಲಿದ್ದರೆ ಸೆಟ್ಟಿಂಗ್ ಬದಲಿಸಿದರಷ್ಟೇ ಸಾಲದು. ಅದನ್ನು ಮೂಲ ಕೋಡ್‌ನಿಂದ ಮತ್ತೆ ಕಟ್ಟಬೇಕು, ಇಲ್ಲವೇ ತಯಾರಕರಿಂದ ಹೊಸ ಪ್ರತಿ ಪಡೆಯಬೇಕು.

ಬಿಲ್ಡ್ ಸರಿಯಾಗಿದೆ. ಫೋನಿನಲ್ಲಿ ತೆರೆದರೆ "ಎಸ್‌ಒ ಫೈಲ್ ಸಿಗಲಿಲ್ಲ" ಎಂದು ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್ ಬರುತ್ತದೆ.

ಇದು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ. ಎಸ್‌ಒ ಎಂದರೆ ಕಟ್ಟಿ ಮುಗಿದ ನೇಟಿವ್ ಲೈಬ್ರರಿ ಫೈಲ್, ಎಪಿಕೆ ಎಂದರೆ ಫೋನಿಗೆ ಹಾಕುವ ಆ್ಯಪ್ ಫೈಲ್. ಫೋನನ್ನು ಬಿಟ್ಟು ಎಪಿಕೆಯಿಂದ ಆರಂಭಿಸಿ. ಸ್ಟುಡಿಯೋದ ಬಿಲ್ಡ್ ಮೆನುವಿನಲ್ಲಿ ಎಪಿಕೆ ಅನಲೈಜರ್ ತೆರೆದು ಲಿಬ್ ಫೋಲ್ಡರ್ ಒಳಗೆ ನೋಡಿ. ಪ್ರತಿ ಪ್ರೊಸೆಸರ್ ಬಗೆಗೂ ಒಂದು ಉಪಫೋಲ್ಡರ್ ಇರುತ್ತದೆ: ಆರ್ಮ್64-ವಿ8ಎ, ಆರ್ಮ್‌ಇಎಬಿಐ-ವಿ7ಎ, ಎಕ್ಸ್86, ಎಕ್ಸ್86_64. ಇವೆಲ್ಲದರಲ್ಲೂ ಒಂದೇ ಪಟ್ಟಿಯ ಫೈಲ್‌ಗಳಿರಬೇಕು. ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಒಂಬತ್ತು ಇದ್ದರೆ ತಪ್ಪು ಸಿಕ್ಕಿತು.

ಇದು ಆಗುವುದು ಹೀಗೆ. ನಿಮ್ಮಲ್ಲಿರುವ ಒಂದು ಹಳೆಯ ಲೈಬ್ರರಿಗೆ 32 ಬಿಟ್ ಪ್ರತಿ ಮಾತ್ರ ಇದೆ. ಇಷ್ಟು ದಿನ ಎಪಿಕೆಯಲ್ಲಿ 32 ಬಿಟ್ ಫೋಲ್ಡರ್ ಮಾತ್ರ ಇತ್ತು, 64 ಬಿಟ್ ಫೋನ್ ಕೂಡ ಆ್ಯಪನ್ನು 32 ಬಿಟ್ ಆಗಿ ಓಡಿಸುತ್ತಿತ್ತು. ಅಪ್‌ಡೇಟ್‌ನಲ್ಲಿ ಬಂದ ಇನ್ನೊಂದು ಲೈಬ್ರರಿ ತನ್ನ 64 ಬಿಟ್ ಪ್ರತಿಯನ್ನೂ ತಂದಿತು. ಇನ್‌ಸ್ಟಾಲ್ ಆಗುವಾಗ ಫೋನ್ 64 ಬಿಟ್ ಫೋಲ್ಡರ್ ಕಂಡು ಅದನ್ನೇ ಆರಿಸಿಕೊಳ್ಳುತ್ತದೆ, 32 ಬಿಟ್ ಫೋಲ್ಡರನ್ನು ಮುಟ್ಟುವುದೇ ಇಲ್ಲ. ಹಳೆಯ ಲೈಬ್ರರಿ ಎಪಿಕೆಯಲ್ಲಿದ್ದೂ ಇಲ್ಲದಂತಾಯಿತು.

ಹಳೆಯ ಲೈಬ್ರರಿಯ 64 ಬಿಟ್ ಪ್ರತಿ ತರುವುದೇ ನಿಜವಾದ ಪರಿಹಾರ. ಯಾವ ಪ್ರೊಸೆಸರ್‌ಗಳಿಗೆ ಕಟ್ಟಬೇಕೆಂದು ಹೇಳುವ ಎಬಿಐಫಿಲ್ಟರ್ಸ್‌ನಲ್ಲಿ 32 ಬಿಟ್ ಒಂದನ್ನೇ ಬರೆದರೆ ಆ್ಯಪ್ ಸದ್ಯಕ್ಕೆ ಓಡುತ್ತದೆ. ಆದರೆ 2019ರ ಆಗಸ್ಟ್ 1ರಿಂದ ಪ್ಲೇ ಸ್ಟೋರ್ 64 ಬಿಟ್ ಪ್ರತಿ ಇಲ್ಲದ ಅಪ್‌ಡೇಟ್‌ಗಳನ್ನು ತೆಗೆದುಕೊಳ್ಳುವುದಿಲ್ಲ, 32 ಬಿಟ್ ಓಡಿಸದ ಫೋನ್‌ಗಳೂ ಮಾರುಕಟ್ಟೆಯಲ್ಲಿವೆ.

ಪಟ್ಟಿ ಸರಿಯಿದ್ದೂ ಎರರ್ ಬಂದರೆ ಸಂದೇಶದಲ್ಲಿರುವ ಹೆಸರನ್ನು ಇನ್ನೊಮ್ಮೆ ಓದಿ. ನೀವು ಲೋಡ್ ಮಾಡಿದ ಲೈಬ್ರರಿ ಸಿಕ್ಕಿದೆ, ಅದು ಅವಲಂಬಿಸಿದ ಇನ್ನೊಂದು ಸಿಕ್ಕಿಲ್ಲದಿರಬಹುದು. ಎನ್‌ಡಿಕೆಯ ಎಲ್‌ಎಲ್‌ವಿಎಂ-ರೀಡೆಲ್ಫ್ ಉಪಕರಣಕ್ಕೆ ಡಿ ಆಯ್ಕೆ ಕೊಟ್ಟು ಎಸ್‌ಒ ಫೈಲ್ ತೋರಿಸಿ. ನೀಡೆಡ್ ಎಂದು ಬರೆದಿರುವ ಪ್ರತಿ ಸಾಲಿನ ಹೆಸರೂ ಎಪಿಕೆಯಲ್ಲಿರಬೇಕು, ಇಲ್ಲವೇ ಎನ್‌ಡಿಕೆ ಒಪ್ಪಿದ ಸಿಸ್ಟಂ ಲೈಬ್ರರಿಯಾಗಿರಬೇಕು.

ಪ್ಲೇ ಸ್ಟೋರ್‌ಗೆ ಕಳಿಸುವ ಆ್ಯಪ್ ಬಂಡಲ್‌ನಿಂದ ತೆಗೆದ ಎಪಿಕೆಗಳಲ್ಲಿ ಮೂಲ ಎಪಿಕೆಯೊಂದನ್ನೇ ಫೋನಿಗೆ ಹಾಕಿದರೂ ಇದೇ ಎರರ್ ಬರುತ್ತದೆ. ನೇಟಿವ್ ಲೈಬ್ರರಿಗಳು ಪ್ರೊಸೆಸರ್‌ಗೆ ತಕ್ಕ ಬೇರೆ ಎಪಿಕೆಯಲ್ಲಿರುತ್ತವೆ.

ಸಿಗದಿರುವುದು ಲಿಬ್‌ಸಿ++_ಶೇರ್ಡ್ ಆದರೆ?

ಅದು ಸಿ++ ಕೋಡ್ ನಂಬಿರುವ ರನ್‌ಟೈಮ್ ಲೈಬ್ರರಿ, ಫೋನಿನಲ್ಲಿ ಇರುವುದಿಲ್ಲ. ಆ್ಯಪ್ ಜತೆಗೇ ಹೋಗಬೇಕು. ಸಿಮೇಕ್ ಆರ್ಗ್ಯುಮೆಂಟ್‌ಗಳಲ್ಲಿ ಆಂಡ್ರಾಯ್ಡ್_ಎಸ್‌ಟಿಎಲ್ ಬೆಲೆಯನ್ನು ಸಿ++_ಶೇರ್ಡ್ ಎಂದು ಕೊಟ್ಟರೆ ಗ್ರೇಡಲ್ ತಾನೇ ನಕಲು ಮಾಡಿ ಸೇರಿಸುತ್ತದೆ. ಸಿ++ ಕೋಡ್ ಇಲ್ಲದೆ ಸಿದ್ಧ ಎಸ್‌ಒ ಮಾತ್ರ ಬಳಸುವ ಪ್ರಾಜೆಕ್ಟ್‌ನಲ್ಲಿ ಮಾತ್ರ, ಎನ್‌ಡಿಕೆಯ ಸಿಸ್‌ರೂಟ್‌ನಿಂದ ಆಯಾ ಪ್ರೊಸೆಸರ್‌ನ ಪ್ರತಿಯನ್ನು ಜೆಎನ್‌ಐಲಿಬ್ಸ್‌ಗೆ ನೀವೇ ಹಾಕಬೇಕು. ಎರಡು ಅಥವಾ ಹೆಚ್ಚು ಎಸ್‌ಒ ಇರುವ ಆ್ಯಪ್‌ನಲ್ಲಿ ಪ್ರತಿಯೊಂದಕ್ಕೂ ಸ್ಟ್ಯಾಟಿಕ್ ಪ್ರತಿ ಅಂಟಿಸಬೇಡಿ: ಒಂದರಲ್ಲಿ ಎಸೆದ ಎಕ್ಸೆಪ್ಶನ್ ಇನ್ನೊಂದರಲ್ಲಿ ಹಿಡಿಯದೇ ಹೋಗಬಹುದು, ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದು ಬಿಡುಗಡೆ ಮಾಡಲು ಹೋಗಿ ಆ್ಯಪ್ ಬೀಳಬಹುದು.

ಫೋನಿನಲ್ಲಿ ಬರುವ ಎರರ್ ನಮ್ಮ ಕಂಪ್ಯೂಟರ್‌ನ ಫೋಲ್ಡರ್ ದಾರಿ ತೋರಿಸುತ್ತದೆ!

ಆ ಎಸ್‌ಒ ಫೈಲನ್ನು ಎಸ್‌ಒನೇಮ್ (ಫೈಲ್ ಒಳಗೆ ಬರೆದಿಡುವ ಅದರದೇ ಹೆಸರು) ಇಲ್ಲದೆ ಕಟ್ಟಿದ್ದಾರೆ. ಹೆಸರಿಲ್ಲದ್ದನ್ನು ಲಿಂಕ್ ಮಾಡುವಾಗ ಲಿಂಕರ್ ಅದರ ಪೂರ್ತಿ ದಾರಿಯನ್ನೇ ಬರೆದುಕೊಳ್ಳುತ್ತದೆ. ಆಂಡ್ರಾಯ್ಡ್ 6.0ಕ್ಕಿಂತ ಮೊದಲು ಫೋನ್ ಆ ದಾರಿಯ ಕೊನೆಯ ಹೆಸರನ್ನಷ್ಟೇ ನೋಡುತ್ತಿತ್ತು. ಎಪಿಐ 23ರಿಂದ ಬರೆದದ್ದನ್ನು ಹಾಗೇ ಹುಡುಕುತ್ತದೆ. ಮತ್ತೆ ಕಟ್ಟಲು ಸಾಧ್ಯವಿದ್ದರೆ ಲಿಂಕರ್‌ಗೆ ಎಸ್‌ಒನೇಮ್ ಕೊಡಿ. ಆಗದಿದ್ದರೆ ಸಿಮೇಕ್‌ನಲ್ಲಿ ಆ ಇಂಪೋರ್ಟೆಡ್ ಟಾರ್ಗೆಟ್‌ಗೆ ಇಂಪೋರ್ಟೆಡ್_ನೋ_ಎಸ್‌ಒನೇಮ್ ಗುಣವನ್ನು ಟ್ರೂ ಮಾಡಿ.

ಒಂದೇ ಎಸ್‌ಒ ಎರಡು ಸಲ ಸಿಕ್ಕಿತು ಎಂದು ನಿಲ್ಲುತ್ತದೆ.

ಪ್ಲಗಿನ್ 4.0ರಿಂದ, ಸಿಮೇಕ್ ಇಂಪೋರ್ಟ್ ಮಾಡಿಕೊಂಡ ಸಿದ್ಧ ಲೈಬ್ರರಿಗಳು ತಾವಾಗಿ ಎಪಿಕೆ ಸೇರುತ್ತವೆ. ಮೊದಲು ಅದಕ್ಕಾಗಿ ಜೆಎನ್‌ಐಲಿಬ್ಸ್ ಫೋಲ್ಡರ್‌ನಲ್ಲೂ ಇಡಬೇಕಿತ್ತು. ಈಗ ಅಲ್ಲಿಂದ ತೆಗೆದು ಬೇರೆ ಹೆಸರಿನ ಫೋಲ್ಡರ್‌ನಲ್ಲಿಟ್ಟು, ಸಿಮೇಕ್ ದಾರಿಯನ್ನು ಅಲ್ಲಿಗೆ ತಿರುಗಿಸಿ. ಎರಡು ಬೇರೆ ಡಿಪೆಂಡೆನ್ಸಿಗಳು ಒಂದೇ ಫೈಲ್ ತಂದಾಗ ಮಾತ್ರ ಪಿಕ್‌ಫಸ್ಟ್ (ಮೊದಲು ಸಿಕ್ಕಿದ್ದನ್ನೇ ಆರಿಸುವ ಆಯ್ಕೆ) ಬಳಸಿ. ಅವೆರಡರ ಆವೃತ್ತಿ ಬೇರೆಯಾಗಿದ್ದರೆ ಅದೂ ಅಪಾಯವೇ.

ಆ್ಯಪ್ ತನ್ನ ನೇಟಿವ್ ಲೈಬ್ರರಿ ಫೋಲ್ಡರ್ ಓದಿದರೆ ಖಾಲಿ ಬರುತ್ತದೆ.

ಪ್ಲಗಿನ್ 3.6ರಿಂದ, ಕನಿಷ್ಠ ಎಪಿಐ 23 ಅಥವಾ ಹೆಚ್ಚಿದ್ದರೆ ಎಸ್‌ಒ ಫೈಲ್‌ಗಳು ಎಪಿಕೆ ಒಳಗೇ ಕುಗ್ಗಿಸದೆ ಉಳಿಯುತ್ತವೆ. ಫೋನ್ ಅವನ್ನು ಹೊರಗೆ ಬಿಚ್ಚಿಡದೆ ಅಲ್ಲಿಂದಲೇ ಲೋಡ್ ಮಾಡುತ್ತದೆ. ಲೈಬ್ರರಿಯ ಹೆಸರು ಹಿಡಿದು ಲೋಡ್ ಮಾಡುವ ಕೋಡ್‌ಗೆ ತೊಂದರೆಯಿಲ್ಲ. ಫೈಲ್ ದಾರಿ ಕಟ್ಟಿ ತೆರೆಯುವ ಕೋಡ್ ಬೀಳುತ್ತದೆ. ಆ ಕೋಡ್ ನಿಮ್ಮದಾದರೆ ಹೆಸರಿನಿಂದ ಲೋಡ್ ಮಾಡುವಂತೆ ತಿದ್ದಿ. ಬೇರೆಯವರದ್ದಾದರೆ ಪ್ಯಾಕೇಜಿಂಗ್ ಬ್ಲಾಕ್‌ನ ಜೆಎನ್‌ಐಲಿಬ್ಸ್ ಒಳಗೆ ಯೂಸ್‌ಲೆಗಸಿಪ್ಯಾಕೇಜಿಂಗ್ ಟ್ರೂ ಮಾಡಿ.

ಲಿಬ್‌ಕ್ರಿಪ್ಟೊ ಫೋನಿನಲ್ಲೇ ಇದೆ. ಆದರೂ ಸಿಗುವುದಿಲ್ಲ ಅನ್ನುತ್ತದೆ.

ಇದೆ, ಆದರೆ ನಿಮ್ಮ ಆ್ಯಪ್‌ಗೆ ಅಲ್ಲ. ಎಪಿಐ 24 ಗುರಿ ಮಾಡಿದ ಆ್ಯಪ್‌ಗಳಿಗೆ ಆಂಡ್ರಾಯ್ಡ್ 7ರಿಂದ ಸಿಸ್ಟಂನ ಖಾಸಗಿ ಲೈಬ್ರರಿಗಳು ಮುಚ್ಚಿವೆ. ಲಿಬ್‌ಕ್ರಿಪ್ಟೊ, ಲಿಬ್‌ಎಸ್‌ಎಸ್‌ಎಲ್, ಲಿಬ್‌ಎಸ್‌ಕ್ಯೂಲೈಟ್ ಬೇಕಾದರೆ ನಿಮ್ಮದೇ ಪ್ರತಿ ಕಟ್ಟಿ ಆ್ಯಪ್ ಜತೆ ಕಳಿಸಿ. ಓಪನ್‌ಸಿಎಲ್‌ನಂತೆ ಫೋನ್ ತಯಾರಕರು ಸಾರ್ವಜನಿಕವಾಗಿ ಕೊಟ್ಟ ಲೈಬ್ರರಿಗೆ ಬೇರೆ ನಿಯಮ: ಎಪಿಐ 31 ಗುರಿಯಾದ ಮೇಲೆ ಮ್ಯಾನಿಫೆಸ್ಟ್‌ನ ಅಪ್ಲಿಕೇಶನ್ ಟ್ಯಾಗ್ ಒಳಗೆ ಯೂಸಸ್-ನೇಟಿವ್-ಲೈಬ್ರರಿ ಎಂದು ಘೋಷಿಸಬೇಕು. ರಿಕ್ವೈರ್ಡ್ ಗುಣವನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಆ ಲೈಬ್ರರಿ ಇಲ್ಲದ ಫೋನ್‌ಗಳಲ್ಲಿ ಆ್ಯಪ್ ಇನ್‌ಸ್ಟಾಲ್ ಆಗುವುದಿಲ್ಲ.

ಅಪಾಚೆ ಎಚ್‌ಟಿಟಿಪಿ ಕ್ಲಾಸ್‌ಗಳು ಕಾಣುತ್ತಿಲ್ಲ. ಸಪೋರ್ಟ್ ಲೈಬ್ರರಿಯೂ ಇಲ್ಲ.

ಮೊದಲನೆಯದನ್ನು ಎಪಿಐ 23ರಲ್ಲಿ ತೆಗೆದರು. ಜಾರ್ ಫೈಲ್ ಎಸ್‌ಡಿಕೆಯ ಆ ಪ್ಲಾಟ್‌ಫಾರ್ಮ್ ಫೋಲ್ಡರ್ ಒಳಗೆ ಆಪ್ಷನಲ್ ಎಂಬಲ್ಲಿದೆ. ಕೈಯಾರೆ ನಕಲು ಮಾಡಬೇಡಿ. ಆಂಡ್ರಾಯ್ಡ್ ಬ್ಲಾಕ್‌ನಲ್ಲಿ ಯೂಸ್‌ಲೈಬ್ರರಿ ಎಂದು ಬರೆದು ಆರ್ಗ್ ಡಾಟ್ ಅಪಾಚೆ ಡಾಟ್ ಎಚ್‌ಟಿಟಿಪಿ ಡಾಟ್ ಲೆಗಸಿ ಎಂದು ಕೊಡಿ. ಎಪಿಐ 28 ಗುರಿಯಾದರೆ ಮ್ಯಾನಿಫೆಸ್ಟ್‌ನಲ್ಲೂ ಯೂಸಸ್-ಲೈಬ್ರರಿ ಬೇಕು. ಅದನ್ನು ಮರೆತರೆ ಕಂಪೈಲ್ ಆಗಿ ಫೋನಿನಲ್ಲಿ ಬೀಳುತ್ತದೆ.

ಸಪೋರ್ಟ್ ಲೈಬ್ರರಿ 28.0.0ಕ್ಕೆ ನಿಂತಿತು, ಮುಂದಿನದೆಲ್ಲ ಆಂಡ್ರಾಯ್ಡ್‌ಎಕ್ಸ್. ಗ್ರೇಡಲ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಯೂಸ್‌ಆಂಡ್ರಾಯ್ಡ್‌ಎಕ್ಸ್ ಟ್ರೂ ಮಾಡಿ. ಹಳೆಯ ಹೆಸರು ಬಳಸುವ ಡಿಪೆಂಡೆನ್ಸಿ ಉಳಿದಿದ್ದರೆ ಎನೇಬಲ್‌ಜೆಟಿಫೈಯರ್ ಕೂಡ. ಯಾವುದರಿಂದ ಹಳೆಯದು ಬರುತ್ತಿದೆ ಎಂದು ತಿಳಿಯಲು ಡಿಪೆಂಡೆನ್ಸಿಇನ್‌ಸೈಟ್ ಟಾಸ್ಕ್ ಓಡಿಸಿ.

ಡಿಪೆಂಡೆನ್ಸಿ "ಸಿಗಲಿಲ್ಲ, ಈ ಜಾಗಗಳಲ್ಲಿ ಹುಡುಕಿದೆ" ಎಂದು ಪಟ್ಟಿ ಕೊಡುತ್ತದೆ.

ಆ ಪಟ್ಟಿಯನ್ನೇ ಓದಿ. ಗೂಗಲ್‌ನ ರೆಪೊಸಿಟರಿ ಅದರಲ್ಲಿ ಇಲ್ಲದಿದ್ದರೆ ಆಂಡ್ರಾಯ್ಡ್‌ಎಕ್ಸ್ ಸಿಗುವುದಿಲ್ಲ. ಸೆಟ್ಟಿಂಗ್ಸ್ ಡಾಟ್ ಗ್ರೇಡಲ್‌ಗೆ ಗೂಗಲ್ ಮತ್ತು ಮೇವನ್‌ಸೆಂಟ್ರಲ್ ಎರಡನ್ನೂ ಸೇರಿಸಿ. ಪ್ಲಗಿನ್‌ಗಳಿಗೆ ಬೇರೆ ಬ್ಲಾಕ್ ಇದೆ, ಅದರಲ್ಲೂ ಹಾಕಬೇಕು. ಜೆಸೆಂಟರ್ ಎಂಬ ಹಳೆಯ ರೆಪೊಸಿಟರಿ ಒಂದೇ ಇದ್ದರೆ ಅದನ್ನು ಬಿಡುವ ಹೊತ್ತು ಎಂದೋ ಬಂದಿದೆ: 2021ರಲ್ಲಿ ಅಲ್ಲಿ ಹೊಸ ಪ್ರಕಟಣೆ ನಿಂತಿತು. ಅಲ್ಲಿ ಮಾತ್ರ ಇದ್ದ ಲೈಬ್ರರಿಗೆ ಬದಲಿ ಹುಡುಕಬೇಕು, ಅಥವಾ ಎಎಆರ್ (ಆಂಡ್ರಾಯ್ಡ್ ಲೈಬ್ರರಿ ಫೈಲ್) ಪ್ರತಿ ನಿಮ್ಮಲ್ಲಿದ್ದರೆ ನಿಮ್ಮದೇ ರೆಪೊಸಿಟರಿಯಲ್ಲಿ ಇಟ್ಟುಕೊಳ್ಳಬೇಕು.

ಐಒಎಸ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ 14.3ಕ್ಕೆ ಹೋದ ಮೇಲೆ ಲಿಬ್‌ಆರ್ಕ್‌ಲೈಟ್ ಸಿಗುತ್ತಿಲ್ಲ.

ಬಹಳ ಹಳೆಯ ಐಒಎಸ್‌ಗೆ ಕಟ್ಟುವಾಗ ಮಾತ್ರ ಬೇಕಾಗುತ್ತಿದ್ದ ಫೈಲ್ ಅದು. 14.3ರಲ್ಲಿ ತೆಗೆದಿದ್ದಾರೆ. ನಿಮ್ಮ ಆ್ಯಪ್‌ನ ಗುರಿ ಹೊಸದೇ ಇರುತ್ತದೆ; ಯಾವುದೋ ಒಂದು ಪಾಡ್ (ಕೊಕೊಪಾಡ್ಸ್ ಮೂಲಕ ಬಂದ ಲೈಬ್ರರಿ) ಐಒಎಸ್ 8 ಎಂದು ಬರೆದುಕೊಂಡಿರುತ್ತದೆ. ಪಾಡ್‌ಫೈಲ್‌ನ ಪೋಸ್ಟ್_ಇನ್‌ಸ್ಟಾಲ್ ಬ್ಲಾಕ್‌ನಲ್ಲಿ ಎಲ್ಲ ಟಾರ್ಗೆಟ್‌ಗಳನ್ನೂ ಸುತ್ತಿ, ಐಫೋನ್‌ಒಎಸ್_ಡಿಪ್ಲಾಯ್‌ಮೆಂಟ್_ಟಾರ್ಗೆಟ್ 11.0ಕ್ಕಿಂತ ಕಡಿಮೆಯಿದ್ದರೆ 11.0 ಮಾಡಿ, ಎಕ್ಸ್‌ಕೋಡ್ 15 ಆದರೆ 12.0. ನಂತರ ಪಾಡ್ ಇನ್‌ಸ್ಟಾಲ್ ಓಡಿಸಿ. ಹಳೆಯ ಎಕ್ಸ್‌ಕೋಡ್‌ನಿಂದ ಆ ಫೈಲನ್ನು ತಂದು ಒಳಗೆ ಹಾಕುವವರಿದ್ದಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿದು ಅದೇ ಎರರ್ ಮರಳಿ ಬರುತ್ತದೆ.

ಐಒಎಸ್‌ನಲ್ಲಿ ಇನ್ನೇನು ಸಾಮಾನ್ಯ?

ಎಕ್ಸ್‌ಕೋಡ್ 10ರಲ್ಲಿ ಲಿಬ್‌ಎಸ್‌ಟಿಡಿಸಿ++ ಹೋಯಿತು. ಲಿಂಕ್ ಪಟ್ಟಿಯಲ್ಲಿ ಅದನ್ನು ಅಳಿಸಿ ಲಿಬ್‌ಸಿ++ ಹಾಕಿ, ಹಳೆಯದರ ಜತೆ ಕಟ್ಟಿದ ಲೈಬ್ರರಿಗಳನ್ನು ಬದಲಿಸಿ. ಪ್ರಾಜೆಕ್ಟ್‌ನಲ್ಲಿ ಲಿಬ್‌ಜಡ್ ಡಾಟ್ ಡಿವೈಲಿಬ್ ಕೆಂಪಾಗಿ ಕಂಡರೆ ಹೆದರಬೇಡಿ, ಎಕ್ಸ್‌ಕೋಡ್ 7ರಿಂದ ಎಸ್‌ಡಿಕೆಯಲ್ಲಿ ಟಿಬಿಡಿ ಫೈಲ್‌ಗಳಿವೆ. ಹಳೆಯ ಉಲ್ಲೇಖ ತೆಗೆದು ಅದೇ ಹೆಸರಿನ ಟಿಬಿಡಿ ಸೇರಿಸಿ.

ಐಫೋನ್‌ಒಎಸ್ ಎಸ್‌ಡಿಕೆಯೇ ಇಲ್ಲ ಎಂದು ಟರ್ಮಿನಲ್ ಹೇಳಿದರೆ ಎಕ್ಸ್‌ಕೋಡ್-ಸೆಲೆಕ್ಟ್‌ಗೆ ಪಿ ಆಯ್ಕೆ ಕೊಡಿ. ಅದು ಬರೀ ಕಮಾಂಡ್‌ಲೈನ್ ಟೂಲ್ಸ್ ಕಡೆ ಬೊಟ್ಟು ಮಾಡುತ್ತಿದ್ದರೆ ಸ್ವಿಚ್ ಆಯ್ಕೆಯಿಂದ ಎಕ್ಸ್‌ಕೋಡ್ ಒಳಗಿನ ಡೆವಲಪರ್ ಫೋಲ್ಡರ್‌ಗೆ ತಿರುಗಿಸಿ.

ಆ್ಯಪ್ ತೆರೆದಾಗ ಆರ್‌ಪಾತ್‌ನಲ್ಲಿ ಫ್ರೇಮ್‌ವರ್ಕ್ ಲೋಡ್ ಆಗಲಿಲ್ಲ ಎಂದರೆ, ಟಾರ್ಗೆಟ್‌ನ ಜನರಲ್ ಟ್ಯಾಬ್‌ನಲ್ಲಿ ಆ ಫ್ರೇಮ್‌ವರ್ಕ್‌ಗೆ ಎಂಬೆಡ್ ಅಂಡ್ ಸೈನ್ ಆರಿಸಿ. ಸಿಮ್ಯುಲೇಟರ್‌ನಲ್ಲಿ ಮಾತ್ರ ಲಿಂಕ್ ಆಗದಿದ್ದರೆ ಆ ಲೈಬ್ರರಿಯಲ್ಲಿ ಆರ್ಮ್64 ಸಿಮ್ಯುಲೇಟರ್ ಭಾಗ ಇಲ್ಲ. ಎಕ್ಸ್‌ಸಿಫ್ರೇಮ್‌ವರ್ಕ್ ರೂಪದ ಪ್ರತಿಯನ್ನು ತಯಾರಕರಿಂದ ಕೇಳಿ ಪಡೆಯಿರಿ.

ಆಂಡ್ರಾಯ್ಡ್‌ನಲ್ಲಿ ಲೈಬ್ರರಿ ಇದೆ, ಆದರೆ 16 ಕೆಬಿ ಮೆಮೊರಿ ಪುಟಕ್ಕೆ ಹೊಂದುವುದಿಲ್ಲ ಅನ್ನುತ್ತದೆ. ಇದೂ ಇದೇ ತೊಂದರೆಯೇ?

ನೋಡಲು ಬೇರೆ, ಫಲ ಒಂದೇ: ಫೈಲ್ ಇದ್ದೂ ಲೋಡ್ ಆಗುವುದಿಲ್ಲ. ಎನ್‌ಡಿಕೆ ಆರ್28ರಲ್ಲಿ ಕಟ್ಟಿದವು ತಾವಾಗಿ ಹೊಂದುತ್ತವೆ. ಆರ್27ರಲ್ಲಿ ಫ್ಲೆಕ್ಸಿಬಲ್ ಪೇಜ್ ಸೈಜಸ್ ಆಯ್ಕೆ ಆನ್ ಮಾಡಬೇಕು, ಅದಕ್ಕಿಂತ ಹಳೆಯದರಲ್ಲಿ ಲಿಂಕರ್‌ಗೆ ಮ್ಯಾಕ್ಸ್-ಪೇಜ್-ಸೈಜ್ 16384 ಕೊಡಬೇಕು. ಗ್ರೇಡಲ್ ಪ್ಲಗಿನ್ 8.5.1 ಅಥವಾ ಮೇಲಿರಲಿ. ಆಂಡ್ರಾಯ್ಡ್ 15 ಗುರಿಯಾದ ಆ್ಯಪ್‌ಗಳಿಗೆ ಪ್ಲೇ ಸ್ಟೋರ್ 2025ರ ನವೆಂಬರ್ 1ರಿಂದ ಇದನ್ನು ಕಡ್ಡಾಯ ಮಾಡಿದೆ. ನಿಮ್ಮ ಕೋಡ್ ಸರಿಯಿದ್ದರೂ ಮೂರನೆಯವರ ಒಂದು ಎಸ್‌ಒ ಸಾಕು, ತಿರಸ್ಕಾರವಾಗಲು.

ಹಳೆಯ ಕಿಟ್‌ನಿಂದ ಆ ಒಂದು ಫೈಲ್ ನಕಲು ಮಾಡಿದರೆ ಏನು ತಪ್ಪು?

ಕಿಟ್‌ನ ಫೈಲ್‌ಗಳು ಒಂದಕ್ಕೊಂದು ಹೊಂದುವಂತೆ ಕಟ್ಟಿರುತ್ತವೆ. ಒಂದನ್ನು ತಂದರೆ ಅದರ ಹೆಡರ್, ಅದರ ರನ್‌ಟೈಮ್, ಅದರ ಜೋಡಿ ಫೈಲ್‌ಗಳು ಬೇಕಾಗುತ್ತವೆ. ಲಿಂಕ್ ಆದರೂ ಆ್ಯಪ್ ಬಳಕೆದಾರರ ಕೈಯಲ್ಲಿ ಯಾವಾಗಲೋ ಬೀಳುತ್ತದೆ, ಆಗ ಕಾರಣ ಹುಡುಕುವುದು ಬಲು ಕಷ್ಟ. ಹಳೆಯದೇ ಬೇಕಾದರೆ ಪೂರ್ತಿ ಹಳೆಯ ಆವೃತ್ತಿಯನ್ನು ಪಕ್ಕದಲ್ಲಿ ಹಾಕಿ, ಪ್ರಾಜೆಕ್ಟ್‌ನಲ್ಲಿ ಅದರ ಸಂಖ್ಯೆ ಬರೆಯಿರಿ. ಎನ್‌ಡಿಕೆ, ಬಿಲ್ಡ್ ಟೂಲ್ಸ್, ಸಿಮೇಕ್, ಎಕ್ಸ್‌ಕೋಡ್ ಎಲ್ಲವೂ ಒಂದಕ್ಕಿಂತ ಹೆಚ್ಚು ಆವೃತ್ತಿ ಜತೆಗಿರಲು ಬಿಡುತ್ತವೆ.

ಹಾಗಾದರೆ ಹಳೆಯ ಎನ್‌ಡಿಕೆಗಳನ್ನು ಯಾವಾಗ ಅಳಿಸಬಹುದು?

ಬಿಚ್ಚಿದಾಗ ಒಂದೊಂದೂ ಗಿಗಾಬೈಟ್ ಮೀರುವುದರಿಂದ ಅಳಿಸುವ ಆಸೆ ಸಹಜ. ಮೊದಲು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಎನ್‌ಡಿಕೆವರ್ಷನ್ ಹುಡುಕಿ ಸಂಖ್ಯೆಗಳನ್ನು ಪಟ್ಟಿ ಮಾಡಿ. ಹಳೆಯ ಬಿಡುಗಡೆಗೆ ತೇಪೆ ಹಾಕಲು ಇಟ್ಟುಕೊಂಡ ಬ್ರ್ಯಾಂಚ್‌ಗಳನ್ನೂ ಸೇರಿಸಿ. ಸಂಖ್ಯೆ ಬರೆಯದ ಪ್ರಾಜೆಕ್ಟ್ ಇದ್ದರೆ ಅದರ ಪ್ಲಗಿನ್ ಆವೃತ್ತಿಯ ಡೀಫಾಲ್ಟ್ ಯಾವುದೆಂದು ನೋಡಿ. ಆ ಪಟ್ಟಿಯಲ್ಲಿಲ್ಲದವನ್ನು ಎಸ್‌ಡಿಕೆ ಮ್ಯಾನೇಜರ್‌ನಲ್ಲೇ ಗುರುತು ತೆಗೆದು ಅಳಿಸಿ.